ಜರ್ಮನ್ ಬೇಹು ವಿಮಾನದ ಗುರುತು: ದಾಖಲೆಗಳು ಹೊಂದದಿದ್ದಾಗ ನಾನು ಮಾಡುವುದು

ಎರಡನೇ ಮಹಾಯುದ್ಧದ ಒಂದೇ ವಿಮಾನದ ಬಗ್ಗೆ ಎರಡು ದಾಖಲೆ ಎರಡು ಮಾತು ಹೇಳಿದರೆ ನಾನು ಯಾವುದನ್ನೂ ತಕ್ಷಣ ಸುಳ್ಳೆನ್ನುವುದಿಲ್ಲ. ಬರೆದವರು ಏನನ್ನು ಕಣ್ಣಾರೆ ಕಂಡಿದ್ದರು ಎಂದು ನೋಡುತ್ತೇನೆ.

ಮೊದಲು ಗಡಿಯಾರ. 1942ರ ಸೆಪ್ಟೆಂಬರ್ 12ರಂದು ಇಂಗ್ಲೆಂಡಿನ ಸೌತಾಂಪ್ಟನ್ ಮೇಲೆ, ಸುಮಾರು 43,000 ಅಡಿ ಎತ್ತರದಲ್ಲಿ, ಬ್ರಿಟನ್ ವಾಯುಪಡೆಯ ಪೈಲಟ್ ಇಮ್ಯಾನುಯೆಲ್ ಗಲಿಟ್ಜಿನ್ ಅವರ ಸ್ಪಿಟ್‌ಫೈರ್ ಯುದ್ಧವಿಮಾನ ಜರ್ಮನಿಯ ಒಂದು ಯುಂಕರ್ಸ್ 86 ಆರ್ ವಿಮಾನಕ್ಕೆ ಗುಂಡು ಹೊಡೆಯಿತು. ಆ ದಿನ ಬ್ರಿಟನ್ನಿನ ಗಡಿಯಾರ ಗ್ರೀನಿಚ್‌ಗಿಂತ 1 ಗಂಟೆ ಮುಂದಿತ್ತು, ಜರ್ಮನಿಯದು 2 ಗಂಟೆ. ಅದೇ ವರ್ಷದ ಜುಲೈನಲ್ಲಾದರೆ ಎರಡೂ 2 ಗಂಟೆ ಮುಂದು. ಎಲ್ಲ ತಾರೀಖಿಗೂ ಒಂದೇ ಲೆಕ್ಕ ಹಾಕಿದರೆ ಒಂದೇ ಹಾರಾಟ ಎರಡಾಗಿ ಕಾಣುತ್ತದೆ. ಅದಕ್ಕೇ ಎಲ್ಲವನ್ನೂ ಗ್ರೀನಿಚ್ ಸಮಯಕ್ಕೆ ತಂದ ಮೇಲೆಯೇ ಮುಂದಿನ ಮಾತು.

ಆಮೇಲೆ ಮೈಮೇಲಿನ ಗುರುತು. ವಿಮಾನದ ಮೈಮೇಲೆ ಬರೆದ ಶಿಲುಬೆಯ ಎಡಕ್ಕೆ ಒಂದು ಅಂಕಿ, ಒಂದು ಅಕ್ಷರ: ಅದು ಪಡೆಯ ಗುರುತು. ಬಲಕ್ಕಿರುವ ಮೊದಲ ಅಕ್ಷರ ಆ ವಿಮಾನದ್ದು, ಕೊನೆಯದು ಸ್ಟಾಫೆಲ್‌ನದು, ಅಂದರೆ ಪಡೆಯೊಳಗಿನ ತುಕಡಿಯದು: ಎಚ್ ಎಂದರೆ 1ನೇ ಸ್ಟಾಫೆಲ್, ಕೆ 2, ಎಲ್ 3, ಎಂ 4. ನಾಲ್ಕೂ ಅಕ್ಷರಗಳೇ ಆಗಿದ್ದರೆ ಅದು ಕಾರ್ಖಾನೆ ಕೊಟ್ಟ ರೇಡಿಯೋ ಗುರುತು. ಅದರಲ್ಲಿ ಪಡೆಯನ್ನು ಹುಡುಕಬಾರದು. ಜಿ ಮತ್ತು ಸಿ, ಪಿ ಮತ್ತು ಆರ್, ಇ ಮತ್ತು ಎಫ್ ಕೆಟ್ಟ ಫೋಟೋದಲ್ಲಿ ಅದಲು ಬದಲಾಗುತ್ತವೆ.

ಸೌತಾಂಪ್ಟನ್ ವಿಮಾನದ್ದು ಟಿ5+ಪಿಎಂ. ಟಿ5 ಎಂದರೆ ವಾಯುಪಡೆಯ ಮುಖ್ಯ ದಂಡನಾಯಕನ ಬೇಹು ಪಡೆ. ಆದರೆ ಹಾರಾಟ ಮಾತ್ರ ಬಾಂಬರ್ ಪಡೆ ಕೆಜಿ 6ರ 14ನೇ ಸ್ಟಾಫೆಲ್‌ನದು, ಆ ಪಡೆಯ ಸ್ವಂತ ಗುರುತು 3ಇ! ಹೊತ್ತಿದ್ದದ್ದೂ 250 ಕೆ.ಜಿ. ಬಾಂಬು. ಎರಡೂ ದಾಖಲೆ ಸರಿಯೇ: ಪಡೆ ಬದಲಾದರೂ ಮೈಮೇಲೆ ಬರೆದ ಗುರುತು ಬದಲಾಗಿರಲಿಲ್ಲ. ಇಂಥ ಕಡೆ ಗುರುತಿಗಿಂತ ವೆರ್ಕ್‌ನಂಬರ್ ಅನ್ನು, ಅಂದರೆ ಕಾರ್ಖಾನೆಯ ಕ್ರಮಸಂಖ್ಯೆಯನ್ನು, ನಾನು ಹೆಚ್ಚು ನಂಬುತ್ತೇನೆ. ಅದೂ ತಪ್ಪದೇ ಇರುವುದಿಲ್ಲ: ಟೈಪ್ ಮಾಡುವಾಗ ಅಂಕಿ ಬಿಟ್ಟುಹೋಗುತ್ತದೆ, ಎಂಜಿನ್ ಫಲಕದ ಸಂಖ್ಯೆ ವಿಮಾನದ್ದೆಂದು ದಾಖಲಾಗುತ್ತದೆ.

ಅವಶೇಷ ಸಿಕ್ಕಿದ್ದರೆ ಎಂಜಿನ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಒಂದೇ ಸಿಲಿಂಡರಿನಲ್ಲಿ ಎದುರುಬದುರು ಎರಡು ಪಿಸ್ಟನ್, ಕವಾಟಗಳೇ ಇಲ್ಲ ಎಂದರೆ ಅದು ಯುಮೋ ಡೀಸೆಲ್; ಅದರಲ್ಲಿ ಯುಮೋ 207 ಎತ್ತರಕ್ಕೇರುವ ಯುಂಕರ್ಸ್ 86ರದು. ತಲೆಕೆಳಗಾದ ವಿ ಆಕಾರದ 12 ಸಿಲಿಂಡರ್ ಕಂಡರೆ ಯುಮೋ 211 ಇರಬಹುದು, ಆಗ ಯುಂಕರ್ಸ್ 88 ಡಿ-1ರ ಕಡೆ ನೋಡುತ್ತೇನೆ. ಆದರೆ ಈ ಎಂಜಿನ್ ಅದೇ ವಿಮಾನದ ಬಾಂಬರ್ ರೂಪದಲ್ಲೂ ಇದೆ. ಬೇಹು ವಿಮಾನ ಎನ್ನಲು ಕ್ಯಾಮರಾದ ಕುರುಹು ಬೇಕು. ಆರ್‌ಬಿ 50/30 ಎಂಬ ಫಲಕ ಸಿಕ್ಕರೆ 50 ಸೆಂ.ಮೀ. ನಾಭಿದೂರ, 30 ಸೆಂ.ಮೀ. ಚೌಕದ ಚಿತ್ರ ಎಂದರ್ಥ.

ಕೊನೆಗೆ ಜರ್ಮನ್ ನಷ್ಟಪಟ್ಟಿ. ಅದರ ಶೇಕಡಾ ಕಾಲಂ ಓದದೆ 'ಬಿದ್ದುಹೋಯಿತು' ಎಂದು ಬರೆಯಬೇಡಿ: ಶೇ. 60 ಮತ್ತು ಮೇಲ್ಪಟ್ಟದ್ದು ಕೈಬಿಟ್ಟ ವಿಮಾನ, ಅದಕ್ಕಿಂತ ಕಡಿಮೆಯದು ದುರಸ್ತಿಗೆ ಹೋದದ್ದು. ಟಿ5+ಪಿಎಂ ಕೂಡ ರೆಕ್ಕೆಗೆ ಏಟು ತಿಂದು ಫ್ರಾನ್ಸಿನ ಕಾನ್ (Caen) ನಗರದಲ್ಲಿ ಇಳಿದಿತ್ತು.