ತಂಗಿ ಮದುವೆಯ ಬಜೆಟ್: ಎಲೆಯಿಂದ ಶುರು ಮಾಡಿದ ಲೆಕ್ಕ

ಮದುವೆ ನಿಶ್ಚಯ ಆದ ಕೂಡಲೇ ಎಲ್ಲರೂ ಛತ್ರ ಹುಡುಕಲು ಹೊರಡುತ್ತಾರೆ. ನಾನು ಮೊದಲು ಹಿಡಿದದ್ದು ಊಟದ ಎಲೆ ಲೆಕ್ಕ. ಅದು ಗೊತ್ತಾಗದೆ ಎಷ್ಟು ದೊಡ್ಡ ಛತ್ರ ಬೇಕು, ಎಷ್ಟು ತಾಂಬೂಲದ ಚೀಲ ಬೇಕು, ಯಾವುದೂ ಗೊತ್ತಾಗುವುದಿಲ್ಲ.

ನಮ್ಮದು ತುಮಕೂರು. ಬಂಗಾರ ಬಿಟ್ಟು 9 ಲಕ್ಷ, ಸಾಲ ಬೇಡ ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಂಡಿದ್ದೆವು. ಅಪ್ಪ ಮಾತ್ರ "ಸಾವಿರ ಜನ ಆಗ್ತಾರೆ ಕಣೋ" ಅಂತಲೇ ಇದ್ದರು. ಸರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಒಂದೊಂದೇ ಮನೆಯ ಹೆಸರು ಬರೆದು, ಪಕ್ಕದಲ್ಲಿ ಹಿಂದಿನ ರಾತ್ರಿಯ ಆರತಕ್ಷತೆ, ಬೆಳಗಿನ ತಿಂಡಿ, ಮುಹೂರ್ತದ ಊಟ ಅಂತ ಮೂರು ಸಾಲು ಎಳೆದು, ಯಾರು ಯಾವುದಕ್ಕೆ ಬರುತ್ತಾರೆ ಅಂತ ಅಪ್ಪ ಅಮ್ಮನ ಹತ್ತಿರವೇ ಗುರುತು ಹಾಕಿಸಿದೆ. ಆಫೀಸಿನವರು ರಾತ್ರಿ ಬಂದು ಫೋಟೊ ತೆಗೆಸಿಕೊಂಡು, ಉಂಡು ಹೋಗುತ್ತಾರೆ. ಊರಿನವರು ಬರುವುದು ಬೆಳಗ್ಗೆ ಧಾರೆಗೆ. ತಿಂಡಿಗೆ ಛತ್ರದಲ್ಲೇ ಮಲಗಿದ ಹತ್ತಿರದ ನೆಂಟರಷ್ಟೇ. ಬೀಗರ ಕಡೆಯವರೂ ಸೇರಿ ರಾತ್ರಿಗೆ 550, ತಿಂಡಿಗೆ 200, ಮಧ್ಯಾಹ್ನಕ್ಕೆ 450 ಬಂತು. ಊಟ ಎಲೆಗೆ 280, ತಿಂಡಿಗೆ 100, ಒಟ್ಟು 3 ಲಕ್ಷ. ಅಪ್ಪನ ಸಾವಿರ ಹಿಡಿದಿದ್ದರೆ ಎರಡು ಊಟಕ್ಕೇ 5,60,000 ಆಗುತ್ತಿತ್ತು!

ಅಡುಗೆಯವರ ಹತ್ತಿರ ಇನ್ನೂ 50 ಎಲೆಗೆ ಸಾಮಾನು ಸಿದ್ಧವಿರಲಿ, ಹಾಕಿದ ಎಲೆಗಷ್ಟೇ ದುಡ್ಡು ಅಂತ ಬರೆಸಿಕೊಂಡೆ. ಎಣಿಸಲು ಪ್ರತಿ ಪಂಕ್ತಿಗೂ ನಮ್ಮ ಹುಡುಗ ಒಬ್ಬ ನಿಂತಿದ್ದ. ಇದು ಸಣ್ಣತನ ಅಂತ ಅತ್ತೆ ಮುಖ ಸಿಂಡರಿಸಿದರು. ಅಡುಗೆಯವರೂ ಎಣಿಸುತ್ತಾರೆ, ಅಲ್ವಾ?

ಛತ್ರದ ಬಾಡಿಗೆ 1,20,000. ಅದಕ್ಕೆ ಶೇ. 18 ಜಿಎಸ್‌ಟಿ, ಅಂದರೆ 21,600. ಆಮೇಲೆ ಮೀಟರ್ ಪ್ರಕಾರ ಕರೆಂಟು, ಗಂಟೆ ಲೆಕ್ಕದಲ್ಲಿ ಜನರೇಟರ್, ಕ್ಲೀನಿಂಗ್, ಸಿಲಿಂಡರ್, ಪಾತ್ರೆ. "ಹೋದ ವಾರದ ಮದುವೆಯವರು ಕೊನೆಗೆ ಎಷ್ಟು ಕಟ್ಟಿದರು ಸಾರ್?" ಅಂತ ಮ್ಯಾನೇಜರನ್ನು ಕೇಳಿದ್ದರಿಂದ 1,80,000 ಅನ್ನುವ ನಿಜವಾದ ಮೊತ್ತ ಸಿಕ್ಕಿತು. ನೀವೂ ಹಾಗೇ ಕೇಳಿ. ಒಳಗೆ ಹೋಗುವಾಗ, ಹೊರಡುವಾಗ ಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಿ.

ಮಂಟಪದ ಹೂವು, ಓಲಗ, ಪುರೋಹಿತರು, ಫೋಟೊ, ವಿಡಿಯೊ, ಕಾರ್ಡು, ಬಸ್ಸು ಎಲ್ಲ ಸೇರಿ 2,30,000. ಬಟ್ಟೆಬರೆಗೆ 1,20,000. ಉಳಿದ 70,000 ಯಾವ ತಲೆಬರಹಕ್ಕೂ ಸೇರಿಸದೆ ಕೈ ಖರ್ಚಿಗೆ ಇಟ್ಟೆ. ಅದೂ ಪೂರ್ತಿ ಹೋಯಿತು.

ಬಂಗಾರಕ್ಕೆ ಇಷ್ಟು ರೂಪಾಯಿ ಅಂತ ಗೊತ್ತು ಮಾಡಿದೆವು. ಇಷ್ಟು ಗ್ರಾಂ ಅಂತ ಮಾತು ಕೊಟ್ಟರೆ ರೇಟು ಏರಿದಾಗ ಸಿಕ್ಕಿಹಾಕಿಕೊಳ್ಳುತ್ತೇವೆ. ಮಜೂರಿ, ವೇಸ್ಟೇಜ್, ಶೇ. 3 ಜಿಎಸ್‌ಟಿ ಎಲ್ಲ ಸೇರಿಸಿಯೇ ಕೇಳಬೇಕು, ಬೋರ್ಡಿನ ರೇಟು ನೋಡಿ ಸುಮ್ನೆ ಖುಷಿಪಡಬೇಡಿ.

"ಮುಯ್ಯಿ ಬರುತ್ತಲ್ಲ, ಅದರಲ್ಲೇ ಅಡುಗೆಯವರಿಗೆ ಕೊಟ್ಟರಾಯಿತು" ಅಂದರು ಚಿಕ್ಕಪ್ಪ. ನಾನು ಒಪ್ಪಲಿಲ್ಲ. ನಾಳೆ ಅವರವರ ಮನೆ ಮದುವೆಗೆ ನಾವು ತಿರುಗಿ ಮಾಡಲೇಬೇಕಾದ ದುಡ್ಡು ಅದು, ಎಷ್ಟು ಬರುತ್ತದೆ ಅನ್ನುವುದೂ ಗೊತ್ತಿರುವುದಿಲ್ಲ. ಅದನ್ನು ಬಜೆಟ್ಟಿಗೆ ಸೇರಿಸಲೇ ಇಲ್ಲ. ಬಂದದ್ದನ್ನು ಹೆಸರು ಸಮೇತ ಬರೆದು ಅಮ್ಮನ ಕೈಗೆ ಕೊಟ್ಟೆ. ಬೀಗರ ಊಟ ಗಂಡಿನ ಮನೆಯವರು ಮಾಡಿದರು, ಅದು ಈ 9 ಲಕ್ಷದಲ್ಲಿ ಇಲ್ಲ.