ಹದಿನಾರು ತುದಿಯಿಂದ ಮೂವತ್ತೆರಡಕ್ಕೆ: ನನ್ನ ಸ್ವಿಚಿಂಗ್ ಮ್ಯಾಟ್ರಿಕ್ಸ್ ಬೆಳೆಸಿದ ಅನುಭವ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ತೊಗರಿ ರಾಶಿ ಮುಗಿದು ಮಾಲು ಬರತೊಡಗಿದರೆ ದಾಲ್ ಮಿಲ್ಲುಗಳ ಕಲರ್ ಸಾರ್ಟರ್‌ಗಳು, ಅಂದರೆ ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರಗಳು, ಹಗಲು ರಾತ್ರಿ ಓಡುತ್ತವೆ. ಬೇಳೆಯ ಧೂಳು, ಯಂತ್ರದ ಅದುರು ಎರಡೂ ಸೇರಿ ಕೇಬಲ್ ಹಾರ್ನೆಸ್‌ನ (ಕನೆಕ್ಟರ್ ಹಚ್ಚಿದ ತಂತಿಗಳ ಕಟ್ಟಿನ) ಕ್ರಿಂಪುಗಳನ್ನು, ಅಂದರೆ ತಂತಿಯ ತುದಿಗೆ ಪಿನ್ನು ಒತ್ತಿ ಕೂಡಿಸಿದ ಜಾಗಗಳನ್ನು, ಸಡಿಲ ಮಾಡುತ್ತವೆ. ಆಗ ಆ ಹಾರ್ನೆಸ್‌ಗಳು ನನ್ನ ಮೇಜಿಗೆ ಬರುತ್ತವೆ. ‘ಸೀಜನ್ ಅದರಿ, ನಾಳಿಗೇ ಬೇಕು’ ಅನ್ನುವ ಮಾಲಕರ ಮಾತೂ ಜೊತೆಗೇ ಬರುತ್ತದೆ.

ಎಂಟು ತಂತಿಯ ಹಾರ್ನೆಸ್‌ಗೆ ಎರಡು ಕಡೆ ಸೇರಿ 16 ತುದಿ. ಯಾವ ತುದಿ ಯಾವುದಕ್ಕೆ ಕೂಡಿದೆ, ಯಾವುದಕ್ಕೆ ಕೂಡಬಾರದು ಎಂದು ಪೂರ್ತಿ ನೋಡಬೇಕೆಂದರೆ 120 ಜೋಡಿ. ಅದಕ್ಕೆಂದೇ ಮೊದಲು 4×16ರ ಒಂದು ಸ್ವಿಚಿಂಗ್ ಮ್ಯಾಟ್ರಿಕ್ಸ್ ಕಾರ್ಡು ಕಟ್ಟಿದ್ದೆ, ಬೇಕಾದ ಸಾಲನ್ನು ಬೇಕಾದ ಕಂಬಕ್ಕೆ ಕೂಡಿಸುವ ಸ್ವಿಚ್ಚುಗಳ ಜಾಲ ಅದು: ನಾಲ್ಕು ಸಾಲು, ತುದಿಗೊಂದರಂತೆ ಹದಿನಾರು ಕಂಬ, 64 ರೀಡ್ ರಿಲೇ (ಕಾಯಿಲ್‌ಗೆ ಕರೆಂಟು ಕೊಟ್ಟರೆ ಮುಚ್ಚುವ ಸಣ್ಣ ಸ್ವಿಚ್ಚು). ಮೊದಲ ಎರಡು ಸಾಲಿಗೆ ಮೀಟರು, ಉಳಿದೆರಡಕ್ಕೆ ಸಾರ್ಟರ್‌ನ ಡ್ರೈವರ್ ಬೋರ್ಡು ಪರೀಕ್ಷಿಸಲು 24 ವೋಲ್ಟ್ ಸಪ್ಲೈ. ಆಮೇಲೆ ಹದಿನಾರು ತಂತಿಯ ಹಾರ್ನೆಸ್‌ಗಳು ಬರತೊಡಗಿದವು. 32 ತುದಿಗೆ ಜೋಡಿಗಳು 496. ತುದಿ ಎರಡು ಪಟ್ಟಾದರೆ ಕೆಲಸ ನಾಲ್ಕು ಪಟ್ಟು ದಾಟುತ್ತದೆ. ಕೈಯಲ್ಲಿ ಮೀಟರು ಹಿಡಿದು ಮಾಡುವ ಕೆಲಸವಲ್ಲ ಅದು.

ಅದೇ ಥರದ ಇನ್ನೊಂದು ಕಾರ್ಡು ಮಾಡಿ ಸಾಲಿಗೆ ಸಾಲು ಕೂಡಿಸಿದರೆ 4×32 ಆಗುತ್ತದೆ. ಕಾಗದದ ಮೇಲೆ ಇಷ್ಟೇ. ರಿಲೇಗಳಿಗೆ ಆಜ್ಞೆ ಹಂಚುವುದು 74ಎಚ್‌ಸಿ595 ಚಿಪ್ಪುಗಳು, ಒಂದರ ಹಿಂದೊಂದು ಬರುವ ಬಿಟ್ಟುಗಳನ್ನು ಮುಂದಕ್ಕೆ ದಾಟಿಸುವ ಶಿಫ್ಟ್ ರಿಜಿಸ್ಟರ್‌ಗಳು. ಹೊಸ ಕಾರ್ಡಿಗೆ ಹಳೆಯದರ ಕೊನೆಯ ಚಿಪ್ಪಿನಿಂದ ಡೇಟಾ ತಂತಿ ಎಳೆದೆ. ಸರಪಳಿಯಲ್ಲಿ ಮೊದಲು ಕಳಿಸಿದ ಬಿಟ್ಟು ಎಲ್ಲಕ್ಕಿಂತ ದೂರದ ಕಾರ್ಡಿಗೆ ಹೋಗಿ ನಿಲ್ಲುತ್ತದೆ, ಪ್ರೋಗ್ರಾಮ್‌ನಲ್ಲಿ ಅಷ್ಟನ್ನು ತಿದ್ದಿದರೆ ಸಾಕು. ಒಂದು ಮಾತ್ರ ಮರೆಯಬಾರದು. ಕರೆಂಟು ಬಂದ ಕ್ಷಣ ಈ ಚಿಪ್ಪಿನ ಔಟ್‌ಪುಟ್ ಹೇಗಿರುತ್ತದೆ ಎಂದು ಹೇಳಲಾಗದು. ಔಟ್‌ಪುಟ್ ಎನೇಬಲ್ ಪಿನ್ನನ್ನು 10 ಕಿಲೋಓಮ್ ಮೂಲಕ ಮೇಲಕ್ಕೆ (5 ವೋಲ್ಟಿಗೆ) ಎಳೆದು ಔಟ್‌ಪುಟ್ ಬಂದ್ ಇಟ್ಟು, ಎಲ್ಲ ಸೊನ್ನೆ ಬರೆದ ಮೇಲಷ್ಟೇ ಕೆಳಗಿಳಿಸುತ್ತೇನೆ. ಇಲ್ಲವಾದರೆ ಪ್ರತಿ ಸಲ ಸ್ವಿಚ್ ಹಾಕಿದಾಗ ಬೇಕಾಬಿಟ್ಟಿ ರಿಲೇಗಳು ಮುಚ್ಚಿಕೊಳ್ಳುತ್ತವೆ.

ಎಡವಿದ್ದು ಸಾಲು ಕೂಡಿಸುವ ಕೇಬಲ್‌ನಲ್ಲಿ. ಕೈಗೆ ಸಿಕ್ಕ ಫ್ಲ್ಯಾಟ್ ಕೇಬಲ್ ಹಾಕಿಬಿಟ್ಟೆ. ಅದರ 28 ಗೇಜ್ ತಂತಿಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 0.2 ಓಮ್ ಪ್ರತಿರೋಧ. ಹೋಗಿ ಬರುವ ಎರಡೂ ತಂತಿ ಸೇರಿ ಒಂದು ಮೀಟರಿಗೇ 0.4 ಓಮ್. ಮೊದಲ ಕಾರ್ಡಿನಲ್ಲಿ ಸರಿಯಿದ್ದ ತಂತಿಯೇ ಎರಡನೇ ಕಾರ್ಡಿನಲ್ಲಿ ಕೆಟ್ಟದ್ದೆಂದು ಬರತೊಡಗಿತು. ನಾನು ಹುಡುಕುವುದೇ ಅರ್ಧ ಓಮ್‌ನ ಸಡಿಲ ಕ್ರಿಂಪು, ಕೂಡಿಸಿದ ಕೇಬಲ್ಲೇ ಅಷ್ಟು ತಿಂದರೆ ಅಳತೆಗೆ ಅರ್ಥವೇ ಇಲ್ಲ. ಅದಕ್ಕಿಂತ ದಪ್ಪನೆಯ 24 ಗೇಜ್ ತಂತಿ ಹಾಕಿದರೆ ಮೀಟರ್ ಉದ್ದಕ್ಕೆ 0.08 ಓಮ್‌ಗೆ ಇಳಿಯುತ್ತದೆ. ಆದರೂ ತೃಪ್ತಿಯಾಗಲಿಲ್ಲ, ಎರಡು ತಂತಿಯಲ್ಲಿ ಕರೆಂಟು ಹರಿಸಿ ಬೇರೆ ಎರಡರಲ್ಲಿ ವೋಲ್ಟೇಜ್ ನೋಡುವ ನಾಲ್ಕು ತಂತಿಯ ಅಳತೆಗೇ ಹೋಗಬೇಕು ಅನ್ನಿಸಿತು.

ಅದಕ್ಕೆ ಮೂರು, ನಾಲ್ಕನೇ ಸಾಲು ಖಾಲಿಯಾಗಬೇಕು. ಅಷ್ಟರಲ್ಲಿ ಸಪ್ಲೈಯನ್ನು ಅಲ್ಲಿಂದ ತೆಗೆಯಲು ಬೇರೆ ಕಾರಣವೂ ಸಿಕ್ಕಿತು. ಏಳು ಮತ್ತು ಎಂಟನೇ ತುದಿ ಯಾವ ಹಾರ್ನೆಸ್ ಹಾಕಿದರೂ ಕೂಡಿಕೊಂಡಂತೆಯೇ ಬರುತ್ತಿದ್ದವು. ಒಂದು ದಿನ ಪೂರ್ತಿ ಹಾರ್ನೆಸ್‌ಗಳನ್ನೇ ಬೈದೆ. ಕೊನೆಗೆ ಎಲ್ಲ ಕಳಚಿ ಬರೀ ಮ್ಯಾಟ್ರಿಕ್ಸ್ ಪರೀಕ್ಷಿಸಿದಾಗ ಎರಡು ರಿಲೇಗಳ ಸಂಪರ್ಕ ಬೆಸೆದುಹೋಗಿತ್ತು. ಡ್ರೈವರ್ ಬೋರ್ಡಿನ ಬಾಯಲ್ಲೇ 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಅದು ಖಾಲಿಯಿದ್ದಾಗ 24 ವೋಲ್ಟ್ ಸೇರಿಸಿದರೆ ಕ್ಷಣಮಾತ್ರಕ್ಕೆ ಹತ್ತಾರು ಆಂಪಿಯರ್ ನುಗ್ಗುತ್ತದೆ, ನನ್ನ ರೀಡ್ ರಿಲೇ ತಾಳುವುದು ಅರ್ಧ ಆಂಪಿಯರ್. ಸಪ್ಲೈಗೆ ಬೇರೆ ದೊಡ್ಡ ರಿಲೇ, ಬೇರೆ ಕನೆಕ್ಟರ್ ಮಾಡಿದೆ. ಈಗ ಒಂದು, ಎರಡನೇ ಸಾಲು ಕರೆಂಟು ಹರಿಸಲು, ಮೂರು, ನಾಲ್ಕು ವೋಲ್ಟೇಜ್ ನೋಡಲು. ಸಾಲಿನ ಕೇಬಲ್‌ನ ಪ್ರತಿರೋಧವೂ ರಿಲೇಯದ್ದೂ ಲೆಕ್ಕದಿಂದ ಹೊರಗೆ ಹೋದವು. ಕಂಬದಿಂದ ಹಾರ್ನೆಸ್‌ವರೆಗಿನ ತಂತಿ ಮಾತ್ರ ಉಳಿಯುತ್ತದೆ. ಅದಕ್ಕೆ ಎಲ್ಲ ಪಿನ್ನು ಕೂಡಿಸಿದ ಒಂದು ಶಾರ್ಟಿಂಗ್ ಪ್ಲಗ್ ಮಾಡಿ, ಪ್ರತಿ ಕಂಬದ ಮೌಲ್ಯ ಬರೆದಿಟ್ಟುಕೊಂಡು ಕಳೆಯುತ್ತೇನೆ.

ಇಷ್ಟಾದ ಮೇಲೆ ಮೇ ತಿಂಗಳು ಬಂತು. ನನ್ನ ಜೊತೆ ಕೆಲಸ ಮಾಡುವ ಹುಡುಗ ಬಂದು, ‘ಅಣ್ಣಾ, ಮುಂಜಾನಿ ಛಲೋ ನಡೀತದ, ಮಧ್ಯಾನ್ಹಕ್ಕ ಒಂದೊಂದು ರಿಲೇ ಮಾತೇ ಕೇಳವಲ್ದು’ ಅಂದ. ಹೊರಗೆ 42 ಡಿಗ್ರಿ, ಮುಚ್ಚಿದ ಪೆಟ್ಟಿಗೆಯೊಳಗೆ 55ರ ಹತ್ತಿರ. ರಿಲೇ ಕಾಯಿಲ್‌ನ ತಾಮ್ರ ಕಾದರೆ ಡಿಗ್ರಿಗೆ ಸುಮಾರು 0.39 ಶೇಕಡಾ ಪ್ರತಿರೋಧ ಏರುತ್ತದೆ, ಅಷ್ಟೇ ಕರೆಂಟು ಹರಿಯಲು ಹೆಚ್ಚು ವೋಲ್ಟ್ ಬೇಕಾಗುತ್ತದೆ. 25 ಡಿಗ್ರಿಯಲ್ಲಿ 3.75 ವೋಲ್ಟಿಗೆ ಎಳೆಯುವ ರಿಲೇಗೆ ಆ ಬಿಸಿಯಲ್ಲಿ 4.2 ವೋಲ್ಟ್ ಬೇಕು. ಕಾಯಿಲ್‌ಗಳನ್ನು ನಡೆಸುವ ಯುಎಲ್‌ಎನ್2803 ಡ್ರೈವರ್ ಚಿಪ್ಪು ತನ್ನಲ್ಲೇ ಸುಮಾರು 0.8 ವೋಲ್ಟ್ ಉಳಿಸಿಕೊಳ್ಳುವುದರಿಂದ 5 ವೋಲ್ಟಿನಲ್ಲಿ ಕಾಯಿಲ್‌ಗೆ ಸಿಗುವುದೂ ಅಷ್ಟೇ. ಚಳಿಯ ಊರಿನಲ್ಲಿ ಕಟ್ಟಿದ್ದರೆ ಇದು ಎಂದೂ ಗೊತ್ತಾಗುತ್ತಿರಲಿಲ್ಲವೇನೋ. ಕಾಯಿಲ್‌ಗಳಿಗೆ ಬೇರೆಯೇ 6 ವೋಲ್ಟ್ ಕೊಟ್ಟೆ, ಲಾಜಿಕ್ ಚಿಪ್ಪುಗಳಿಗೆ 5 ಹಾಗೇ ಇದೆ. ಅವತ್ತಿನಿಂದ ಮಧ್ಯಾಹ್ನದ ತಕರಾರು ನಿಂತಿದೆ.

ಮಳೆಗಾಲದಲ್ಲಿ ಹೊಸ ಕಾರ್ಡಿನಲ್ಲಿ ಉಳಿದಿದ್ದ ಬೆಸುಗೆಯ ಫ್ಲಕ್ಸ್ ತೇವ ಹೀರಿ ಸೋರಿಕೆ ತೋರಿಸಿತು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್ಷಿನಿಂದ ಉಜ್ಜಿದ ಮೇಲೆ ಹೋಯಿತು. ಕೇಬಲ್ ಉದ್ದವಾದಷ್ಟೂ ಅದರ ಧಾರಕತೆಯೂ (ಕೆಪ್ಯಾಸಿಟರ್‌ನಂತೆ ಚಾರ್ಜ್ ಹಿಡಿದಿಡುವ ಗುಣ) ಬೆಳೆಯುತ್ತದೆ. ನನ್ನ ಜೋಡಣೆಯಲ್ಲಿ ಒಟ್ಟು 1 ನ್ಯಾನೋಫ್ಯಾರಡ್ ಎಂದಿಟ್ಟುಕೊಂಡರೆ, 10 ಮೆಗಾಓಮ್ ಅಳೆಯುವಾಗ ಎರಡನ್ನೂ ಗುಣಿಸಿದರೆ 10 ಮಿಲಿಸೆಕೆಂಡ್, ಅಳತೆ ನೆಲೆಗೊಳ್ಳಲು ಅದರ ಐದು ಪಟ್ಟು, ಅಂದರೆ 50 ಮಿಲಿಸೆಕೆಂಡ್ ಕಾಯಬೇಕು. ನಾನು 60 ಕಾಯುತ್ತೇನೆ. ಹಾರ್ನೆಸ್‌ನ 496 ಜೋಡಿಯಲ್ಲಿ 16 ಕೂಡಿರಬೇಕು, 480 ಕೂಡಿರಬಾರದು. ಈ 480ರಲ್ಲಿ ಅವಸರ ಮಾಡಿದರೆ ಒಳ್ಳೆಯ ತಂತಿಗೂ ಸುಳ್ಳು ಸೋರಿಕೆ ಬರುತ್ತದೆ.

ಈಗ ಪ್ರತಿ ಕಾರ್ಡಿನ ಸಾಲುಗಳ ಬಾಯಿಗೆ ಒಂದೊಂದು ಬೇರ್ಪಡಿಸುವ ರಿಲೇ ಹಾಕಿದ್ದೇನೆ. ಎಂಟು ತಂತಿಯ ಹಾರ್ನೆಸ್ ಬಂದ ದಿನ ಎರಡನೇ ಕಾರ್ಡು ಪೂರ್ತಿ ಕಡಿದುಕೊಂಡು ಕೂರುತ್ತದೆ, ಅದರ ಸೋರಿಕೆಯೂ ಧಾರಕತೆಯೂ ಅಳತೆಗೆ ಅಂಟುವುದಿಲ್ಲ. ಮೂರನೇ ಕಾರ್ಡಿನ ಕೇಬಲ್ ಕೂಡ ಕತ್ತರಿಸಿ, ಎರಡೂ ತುದಿಗೆ ನಂಬರ್ ಹಚ್ಚಿ ಇಟ್ಟಿದ್ದೇನೆ. ಬೇಳೆಯ ಧೂಳು ಹೋಗದಂತೆ ಕನೆಕ್ಟರ್ ಬಾಯಿಗೆ ಟೇಪು ಸುತ್ತಿದೆ.