ವಿಶ್ವವಿದ್ಯಾಲಯದ ದತ್ತಾಂಶ ಹೊರಗಿನವರಿಗೂ ಬೇಗ ತಲುಪಬೇಕಾದರೆ

ಹವಾಮಾನದ ದಾಖಲೆ, ಉಪಗ್ರಹ ಚಿತ್ರ, ಹಸ್ತಪ್ರತಿಗಳ ಸ್ಕ್ಯಾನ್ ಇವನ್ನೆಲ್ಲ ವಿಶ್ವವಿದ್ಯಾಲಯ ಕೂಡಿಡುವುದು ಸಮಾಜದ ಬಳಕೆಗಾಗಿ. ಎರಡೂ ತುದಿಯಲ್ಲಿ ಸೆಕೆಂಡಿಗೆ 10 ಗಿಗಾಬಿಟ್ ಸಂಪರ್ಕವಿದ್ದರೆ ಒಂದು ಟೆರಾಬೈಟ್ ಸಾಗಲು ಲೆಕ್ಕದಲ್ಲಿ 13 ನಿಮಿಷ ಚಿಲ್ಲರೆ ಸಾಕು. ಅದಕ್ಕೇ ದಿನಗಟ್ಟಲೆ ಹಿಡಿಯುತ್ತಿದ್ದರೆ ತಪ್ಪು ಹೆಚ್ಚಾಗಿ ಕ್ಯಾಂಪಸ್ಸಿನ ಒಳಗೇ ಇರುತ್ತದೆ.

ಮೊದಲು ದತ್ತಾಂಶ ಕಳಿಸುವ ಸರ್ವರ್ ಎಲ್ಲಿದೆ ನೋಡಿ. ಕಚೇರಿ, ಹಾಸ್ಟೆಲ್‌ಗಳ ಫೈರ್‌ವಾಲ್ (ಜಾಲದ ಕಾವಲು ಸಾಧನ) ಹಿಂದೆ ಅದನ್ನು ಇಡಬೇಡಿ. ಸಾವಿರಾರು ಸಣ್ಣ ಸಂಪರ್ಕಗಳಿಗೆಂದು ಮಾಡಿದ ಫೈರ್‌ವಾಲ್‌ನ ಬಫರ್, ಅಂದರೆ ದತ್ತಾಂಶ ತಾತ್ಕಾಲಿಕವಾಗಿ ನಿಲ್ಲುವ ಜಾಗ, ಒಂದೇ ಭಾರಿ ಹರಿವಿಗೆ ತುಂಬಿ ಪ್ಯಾಕೆಟ್ (ದತ್ತಾಂಶದ ತುಣುಕು) ಕೈಬಿಡುತ್ತದೆ. ಹೋಗಿಬರಲು 100 ಮಿಲಿಸೆಕೆಂಡ್ ಬೇಕಾಗುವ ದಾರಿಯಲ್ಲಿ 10,000ಕ್ಕೆ ಒಂದು ಪ್ಯಾಕೆಟ್ ಕಳೆದರೂ ಹಳೆಯ ಮಾದರಿಯ ಟಿಸಿಪಿ (ದತ್ತಾಂಶ ಸಾಗಿಸುವ ನಿಯಮಾವಳಿ) ಸುಮಾರು 12 ಮೆಗಾಬಿಟ್‌ಗೆ ಕುಸಿಯುತ್ತದೆ. ಹಾಗಾಗಿ ಹೊರಬಾಗಿಲಿನ ರೌಟರ್ ಪಕ್ಕದಲ್ಲೇ ಪ್ರತ್ಯೇಕ ಜಾಲ ಮಾಡಿ; ಇದಕ್ಕೆ ಸೈನ್ಸ್ ಡಿಎಂಜಡ್ ಎನ್ನುತ್ತಾರೆ. ಭದ್ರತೆಯನ್ನೇನೂ ಬಿಟ್ಟುಕೊಡಬೇಕಿಲ್ಲ: ರೌಟರ್‌ನ ಎಸಿಎಲ್‌ನಲ್ಲಿ (ಯಾವ ಸಂಪರ್ಕವನ್ನು ಬಿಡಬೇಕೆಂಬ ಪಟ್ಟಿ) ಬೇಕಾದ ಪೋರ್ಟ್‌ಗಳನ್ನಷ್ಟೇ ತೆರೆಯಿರಿ, ಆ ಯಂತ್ರದಲ್ಲಿ ಇಮೇಲ್, ಬ್ರೌಸರ್ ಯಾವುದೂ ಬೇಡ.

ಮುಂದಿನದು ಸರ್ವರ್‌ನದೇ ಬಫರ್. ವೇಗವನ್ನು ಹೋಗಿಬರುವ ಸಮಯದಿಂದ ಗುಣಿಸಿ: 10 ಗಿಗಾಬಿಟ್, 100 ಮಿಲಿಸೆಕೆಂಡ್ ಆದರೆ 125 ಮೆಗಾಬೈಟ್. ಟಿಸಿಪಿ ಬಫರ್‌ನ ಗರಿಷ್ಠ ಮಿತಿ ಎರಡೂ ತುದಿಯಲ್ಲಿ ಇದಕ್ಕಿಂತ ಹೆಚ್ಚಿರಲಿ. ಇದೇ ದಾರಿಯಲ್ಲಿ ವೇಗ ಸರಿಯಾಗಿ 5 ಮೆಗಾಬಿಟ್ ಆಸುಪಾಸಿನಲ್ಲೇ ನಿಂತುಬಿಟ್ಟರೆ, ನಡುವಿನ ಯಾವುದೋ ಸಾಧನ ವಿಂಡೋ ಸ್ಕೇಲಿಂಗ್ (ಉತ್ತರಕ್ಕೆ ಕಾಯದೆ ಒಮ್ಮೆಗೆ ಕಳಿಸುವ ಮಿತಿಯನ್ನು ಹಿಗ್ಗಿಸುವ ಆಯ್ಕೆ) ಅಳಿಸಿ 64 ಕಿಲೋಬೈಟ್‌ಗೆ ಕಟ್ಟಿಹಾಕಿದೆ ಎಂದು ಅನುಮಾನಿಸಿ.

ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 9000 ಬೈಟ್ ಇಟ್ಟರೆ ಸಿಪಿಯು ಹೊರೆ ಇಳಿಯುತ್ತದೆ, ಆದರೆ ದಾರಿಯ ಪ್ರತಿ ಸ್ವಿಚ್‌ಗೂ ಅದು ಒಪ್ಪಿಗೆಯಾಗಬೇಕು. ಡಿಎಫ್ ಬಿಟ್ (ಪ್ಯಾಕೆಟ್ ಒಡೆಯಬೇಡ ಎಂಬ ಗುರುತು) ಹಾಕಿ 8972 ಬೈಟ್‌ನ ಪಿಂಗ್ (ಪರೀಕ್ಷೆಯ ಪ್ಯಾಕೆಟ್) ಕಳಿಸಿ ನೋಡಿ. ಲಾಗಿನ್ ಆಗುತ್ತದೆ, ಫೈಲ್ ಕಳಿಸಲು ಹೊರಟರೆ ಸ್ತಬ್ಧವಾಗುತ್ತದೆ ಎಂಬ ದೂರು ಬಂದರೆ ಕಾರಣ ಬಹುಪಾಲು ಇದೇ: ಎಂಟಿಯು ಹೊಂದಿಲ್ಲ, ಪ್ಯಾಕೆಟ್ ದೊಡ್ಡದಾಯಿತು ಎಂದು ತಿಳಿಸುವ ಐಸಿಎಂಪಿ ಸಂದೇಶವನ್ನು ಯಾರೋ ತಡೆದಿದ್ದಾರೆ.

ವೇಗ ಅಳೆಯುವ ಐಪರ್ಫ್3 ತಂತ್ರಾಂಶ ತೋರಿಸುವುದು ಮೆಮೊರಿಯಿಂದ ಮೆಮೊರಿಗೆ ಸಾಗುವ ವೇಗ. ಅಲ್ಲಿ 9 ಗಿಗಾಬಿಟ್ ಬಂದು ಫೈಲ್ ಮಾತ್ರ ನಿಧಾನವಾದರೆ ಡಿಸ್ಕ್ ನೋಡಿ; 10 ಗಿಗಾಬಿಟ್ ಎಂದರೆ ಸೆಕೆಂಡಿಗೆ 1.25 ಗಿಗಾಬೈಟ್, ತಿರುಗುವ ಡಿಸ್ಕ್ ಒಂದರಿಂದ ಆಗುವ ಕೆಲಸವಲ್ಲ. ಎನ್‌ವಿಎಂಇ (ವೇಗದ ಫ್ಲ್ಯಾಶ್ ಡಿಸ್ಕ್) ಹಾಕಿ. ಲಕ್ಷಾಂತರ ಪುಟ್ಟ ಫೈಲ್‌ಗಳಿದ್ದರೆ ಟಾರ್ ಮಾಡಿ ಕಟ್ಟು ಕಟ್ಟಿ.

ನಿನ್ನೆವರೆಗೆ ಚೆನ್ನಾಗಿದ್ದು ಇಂದು ಕೆಟ್ಟರೆ ಫೈಬರ್ ಕನೆಕ್ಟರ್ ಬಿಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಒರೆಸಿ ಹಾಕಿ. ಬಿಚ್ಚುವ ಮುನ್ನ ಎರಡೂ ತುದಿಯ ಲೇಸರ್ ಆರಿಸಿರಲೇಬೇಕು. ಒಂದು ಕಣ ಧೂಳು ಸಾಕು, ಲಿಂಕ್ ದೀಪ ಉರಿಯುತ್ತಲೇ ಇರುತ್ತದೆ, ಪ್ಯಾಕೆಟ್ ಮಾತ್ರ ಸೋರುತ್ತಿರುತ್ತದೆ. ಇಂಥದ್ದು ಬಳಕೆದಾರರಿಗಿಂತ ಮೊದಲು ನಿಮಗೆ ಗೊತ್ತಾಗಲು ಪರ್ಫ್‌ಸೋನಾರ್ ಎಂಬ ತಂತ್ರಾಂಶ ಹಾಕಿ ದಿನವಿಡೀ ಅಳೆಯುತ್ತಿರಿ.

ನಿಧಾನದ ಸಂಪರ್ಕವಿರುವ ಶಾಲೆ, ಗ್ರಂಥಾಲಯಗಳನ್ನು ಮರೆಯಬೇಡಿ. ಅವರಿಗಾಗಿ ಅದೇ ದತ್ತಾಂಶವನ್ನು 1 ಗಿಗಾಬೈಟ್ ತುಂಡುಗಳಾಗಿಯೂ ಇಡಿ, ಅರ್ಧಕ್ಕೆ ನಿಂತದ್ದು ಅಲ್ಲಿಂದಲೇ ಮುಂದುವರಿಯುವಂತಿರಲಿ, ಪ್ರತಿ ತುಂಡಿಗೂ ಎಸ್‌ಎಚ್‌ಎ-256 ಮೊತ್ತವನ್ನು (ಫೈಲ್ ಕೆಡದೆ ಬಂದಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಪಕ್ಕದಲ್ಲೇ ಪ್ರಕಟಿಸಿ.